ಕಾರ್ಖಾನೆ ಕೆಲಸಕ್ಕೆ ಕಾಸು ಕಟ್ಟಬೇಡಿ
ಯಾದಗಿರಿ, ಶಹಾಪುರ, ಸುರಪುರದಲ್ಲಿ ಐಟಿಐ ಮುಗಿಸಿದ ಹುಡುಗರ ಕಣ್ಣು ಬಿಡದಿಯ ಟೊಯೋಟ, ನರಸಾಪುರದ ಹೋಂಡಾ ಕಡೆಗೆ. ಅಷ್ಟು ದೂರ ಬಸ್ ಹತ್ತಿ ಗೇಟಿನ ಮುಂದೆ ನಿಲ್ಲೋದಕ್ಕಿಂತ ಮೊಬೈಲಲ್ಲೇ ಹುಡುಕೋದು ವಾಸಿ. ಕೇಂದ್ರ ಸರಕಾರ 2015ರಲ್ಲಿ ಆರಂಭಿಸಿದ ನ್ಯಾಷನಲ್ ಕೆರಿಯರ್ ಸರ್ವಿಸ್ ತಾಣದಲ್ಲಿ ನೋಂದಣಿ ಪುಕ್ಕಟೆ. ಫಿಟ್ಟರ್, ವೆಲ್ಡರ್, ಡೀಸೆಲ್ ಮೆಕ್ಯಾನಿಕ್ ಕಲಿತವರು ಅಪ್ರೆಂಟಿಸ್‌ಶಿಪ್ ಇಂಡಿಯಾ ತಾಣವನ್ನೂ ನೋಡಲಿ. 1961ರ ಅಪ್ರೆಂಟಿಸ್ ಕಾಯ್ದೆಯಂತೆ ಕಂಪನಿಯೇ ಹುಡುಗನಿಗೆ ಸ್ಟೈಪೆಂಡ್ ಕೊಡಬೇಕು, ಹುಡುಗ ಕಂಪನಿಗಲ್ಲ.

ವಾಟ್ಸಾಪಲ್ಲಿ ‘ಆಫರ್ ಲೆಟರ್’ ಕಳಿಸಿ, ಯೂನಿಫಾರ್ಮ್, ಗೇಟ್‌ಪಾಸ್ ಅಂತ ದುಡ್ಡು ಕೇಳಿದರೆ ಅದು ಮೋಸವೇ. ಗಲ್ಫ್ ವೀಸಾ ಏಜೆಂಟರ ಆಟ ಕಂಡ ನಮ್ಮ ಬ್ಯಾರಿ ಮನೆಗಳಿಗೆ ಇದೇನು ಹೊಸತಲ್ಲ, ವೇಷ ಮಾತ್ರ ಬೇರೆ. ಆ ಕಡೆ ನೆಲೆಸಿರುವ ನಮ್ಮವರು ಅಕ್ಕಪಕ್ಕದ ಮಕ್ಕಳಿಗೂ ಹೇಳಿ. ದುಡ್ಡು ಹೋಗಿದ್ದರೆ ನಾಚಿಕೆ ಬಿಟ್ಟು ತಕ್ಷಣ 1930ಕ್ಕೆ ಫೋನ್ ಮಾಡಿ. ಬೇಗ ತಿಳಿಸಿದಷ್ಟೂ ಬ್ಯಾಂಕಿನಲ್ಲಿ ಹಣ ತಡೆಹಿಡಿಯಲು ದಾರಿಯಿದೆ.