ಒಂದು ಸುರುಳಿ, ನೂರು ಊರು

ಮಕ್ಕಳು ಮೊಮ್ಮಕ್ಕಳೊಡನೆ ಪಡಸಾಲೆಯಲ್ಲಿ ಕುಳಿತು ದೂರದರ್ಶನ ನೋಡುವ ನಾವು ಕಥೆಯ ಗುಣದೋಷಗಳನ್ನು ಚರ್ಚಿಸುತ್ತೇವೆಯೇ ಹೊರತು, ಅದು ಯಾವ ದಾರಿಯಿಂದ ಮನೆಗೆ ಬಂದಿತು, ಅದರ ಒಡೆತನ ಯಾರದು ಎಂದು ವಿಚಾರಿಸುವುದು ವಿರಳ. ಈ ಪ್ರಶ್ನೆಯನ್ನು ಕೈಗೆತ್ತಿಕೊಂಡವರು ಅಮೆರಿಕಾ ದೇಶದ ದೂರದರ್ಶನದ ಬಾಲ್ಯವನ್ನು ಅವಲೋಕಿಸಬೇಕು.

ಎರಡನೆಯ ಮಹಾಯುದ್ಧದ ತರುವಾಯ ಅಲ್ಲಿ ಎನ್.ಬಿ.ಸಿ., ಸಿ.ಬಿ.ಎಸ್. ಮೊದಲಾದ ದೊಡ್ಡ ಸಂಸ್ಥೆಗಳು ಊರೂರಿನ ಪ್ರಸಾರ ನಿಲಯಗಳನ್ನು ಜಾಲವಾಗಿ ಬೆಸೆದವು. ಕಾರ್ಯಕ್ರಮಗಳು ಬಹುಮಟ್ಟಿಗೆ ನ್ಯೂಯಾರ್ಕಿನಿಂದ ನೇರವಾಗಿ ಪ್ರಸಾರವಾಗುತ್ತಿದ್ದವು. ಪೂರ್ವ ಪಶ್ಚಿಮ ತೀರಗಳ ನಡುವೆ ನೇರ ಸಂಪರ್ಕ ಏರ್ಪಟ್ಟದ್ದು 1951ರಲ್ಲಿ. ಅದಕ್ಕೆ ಮೊದಲು ದೂರದ ಊರುಗಳಿಗೆ, ಪರದೆಯ ಮೇಲೆ ಮೂಡಿದ ಚಿತ್ರವನ್ನೇ ಮತ್ತೊಮ್ಮೆ ಸೆರೆಹಿಡಿದ ಮಸುಕಾದ ಪ್ರತಿ ತಲುಪುತ್ತಿತ್ತು. ಹೀಗೆ ಉಳಿಸಿಕೊಳ್ಳದ ಕಾರ್ಯಕ್ರಮ ಪ್ರಸಾರವಾದ ಗಳಿಗೆಯೊಡನೆಯೇ ಅಳಿದುಹೋಗುತ್ತಿತ್ತು.

ಜಾಲದ ಹಂಗಿಲ್ಲದೆ, ಕಾರ್ಯಕ್ರಮವೊಂದರ ಪ್ರಸಾರದ ಹಕ್ಕನ್ನು ಒಂದೊಂದು ನಿಲಯಕ್ಕೂ ಪ್ರತ್ಯೇಕವಾಗಿ ಮಾರುವ ಪದ್ಧತಿಗೆ ಸಿಂಡಿಕೇಷನ್ ಎಂದು ಹೆಸರು. ಇದನ್ನು ದೊಡ್ಡ ಉದ್ಯಮವಾಗಿ ಬೆಳೆಸಿದವರಲ್ಲಿ ಸಿನ್ಸಿನಾಟಿ ನಗರದ ಫ್ರೆಡರಿಕ್ ಝಿವ್ ಪ್ರಮುಖರು. ಧ್ವನಿಮುದ್ರಿತ ಕಾರ್ಯಕ್ರಮಗಳನ್ನು ಬಾನುಲಿ ನಿಲಯಗಳಿಗೆ ಮಾರುತ್ತಿದ್ದ ಅವರು 1948ರಲ್ಲಿ ದೂರದರ್ಶನದ ಕಡೆಗೆ ತಿರುಗಿದರು. ಚಲನಚಿತ್ರದ ಸುರುಳಿಯ ಮೇಲೆ ಕಥೆಗಳನ್ನು ಚಿತ್ರಿಸಿ, ನಿಲಯಗಳಿಗೂ ಸ್ಥಳೀಯ ಪ್ರಾಯೋಜಕರಿಗೂ ಮಾರಿದರು. ಒಂದು ಊರಿನಲ್ಲಿ ತೋರಿಸಿದ ಸುರುಳಿ ಅಂಚೆಯಲ್ಲಿ ಮುಂದಿನ ಊರಿಗೆ ಹೋಗುತ್ತಿತ್ತು. 1950ರಲ್ಲಿ ಆರಂಭವಾದ 'ದಿ ಸಿಸ್ಕೋ ಕಿಡ್' ಮಾಲಿಕೆಯನ್ನು ಅವರು ವರ್ಣದಲ್ಲಿ ಚಿತ್ರಿಸಿದರು. ಅಂದು ಮನೆಗಳಲ್ಲಿದ್ದವು ಕಪ್ಪುಬಿಳುಪಿನ ಪೆಟ್ಟಿಗೆಗಳು. ಆದರೂ ವರ್ಣದ ಕಾಲ ಬಂದಾಗ ಈ ಸುರುಳಿಗಳಿಗೆ ಬೆಲೆ ಉಳಿದೇ ಇರುವುದೆಂಬ ದೂರದೃಷ್ಟಿ ಅವರದು. ದೊಡ್ಡ ಜಾಲಗಳು ಒಲ್ಲೆನೆಂದ 'ಸೀ ಹಂಟ್' ಮಾಲಿಕೆಯೂ 1958ರಲ್ಲಿ ಇದೇ ಮಾರ್ಗದಿಂದ ಮನೆಗಳನ್ನು ಸೇರಿ ಜನಪ್ರಿಯವಾಯಿತು.

ಒಡೆತನದ ಮಹತ್ವವನ್ನು ತೋರಿಸಿಕೊಟ್ಟವರು ಲೂಸಿಲ್ ಬಾಲ್ ಮತ್ತು ಡೆಸಿ ಆರ್ನಾಜ್ ದಂಪತಿಗಳು. 1951ರಲ್ಲಿ ಸಿ.ಬಿ.ಎಸ್. ಜಾಲದಲ್ಲಿ 'ಐ ಲವ್ ಲೂಸಿ' ಆರಂಭವಾದಾಗ ಅದನ್ನು ಹಾಲಿವುಡ್ಡಿನಲ್ಲಿಯೇ ಚಿತ್ರಿಸಬೇಕೆಂದು ಅವರು ಹಟ ಹಿಡಿದರು. ಹೆಚ್ಚುವರಿ ವೆಚ್ಚಕ್ಕಾಗಿ ತಮ್ಮ ಸಂಭಾವನೆಯನ್ನು ತಗ್ಗಿಸಿಕೊಂಡು, ಪ್ರತಿಯಾಗಿ ಸುರುಳಿಗಳ ಒಡೆತನವನ್ನು ಕೇಳಿ ಪಡೆದರು. ಮರುಪ್ರಸಾರದ ಬೆಲೆಯನ್ನು ಬಹಳ ಜನ ಅರಿಯದಿದ್ದ ಕಾಲವದು. ಕೆಲವೇ ವರ್ಷಗಳಲ್ಲಿ ಅದೇ ಸಿ.ಬಿ.ಎಸ್. ಹಲವು ದಶಲಕ್ಷ ಡಾಲರು ತೆತ್ತು ಆ ಸುರುಳಿಗಳನ್ನು ಕೊಂಡಿತು.

ಮರುಪ್ರಸಾರ ಮರುಹುಟ್ಟನ್ನೂ ನೀಡಬಲ್ಲದು. ಎನ್.ಬಿ.ಸಿ. 1969ರಲ್ಲಿ ನಿಲ್ಲಿಸಿದ 'ಸ್ಟಾರ್ ಟ್ರೆಕ್' ಮಾಲಿಕೆಯಲ್ಲಿ ಇದ್ದದ್ದು 79 ಕಂತುಗಳು. ಸ್ಥಳೀಯ ನಿಲಯಗಳು ಅವನ್ನೇ ಮತ್ತೆ ಮತ್ತೆ ತೋರಿಸಲು, ಮೊದಲಿಗಿಂತ ದೊಡ್ಡ ಅಭಿಮಾನಿವರ್ಗ ಹುಟ್ಟಿ, 1979ರಲ್ಲಿ ಅದೇ ಹೆಸರಿನ ಚಲನಚಿತ್ರವೂ ತೆರೆಕಂಡಿತು.

ಆದರೆ ಈ ನಾಣ್ಯಕ್ಕೆ ಇನ್ನೊಂದು ಮುಖವೂ ಉಂಟು. ಸಂಜೆಯ ಹೊತ್ತೆಲ್ಲ ಮೂರು ಜಾಲಗಳ ವಶವಾಗಿದೆಯೆಂದು ಅಲ್ಲಿನ ಸರ್ಕಾರದ ಸಂಪರ್ಕ ಆಯೋಗ 1970ರಲ್ಲಿ ನಿಯಮವೊಂದನ್ನು ರೂಪಿಸಿತು. ದೊಡ್ಡ 50 ನಗರ ಪ್ರದೇಶಗಳಲ್ಲಿ ಜಾಲಗಳಿಗೆ ಸಂಜೆ ಮೂರು ಗಂಟೆಗಳಷ್ಟೇ ಮೀಸಲು. ಉಳಿದ ವೇಳೆಯಲ್ಲಿ ಊರಿನ ದನಿ ಕೇಳಲಿ, ಹೊಸಬರಿಗೆ ಅವಕಾಶ ಸಿಗಲಿ ಎಂಬುದು ಅದರ ಸದಾಶಯ. ಆದರೆ ಆ ತೆರವನ್ನು ಬಹುಪಾಲು ತುಂಬಿದವು ಅಲ್ಪ ವೆಚ್ಚದ ಬಹುಮಾನದಾಟಗಳು. ನಿಲಯಗಳಿಗೆ ಸ್ವಂತವಾಗಿ ತಯಾರಿಸುವುದಕ್ಕಿಂತ ಸಿದ್ಧ ಸರಕನ್ನು ಕೊಳ್ಳುವುದೇ ಲಾಭವೆನಿಸಿತು.

ಈ ಇತಿಹಾಸದಿಂದ ನಾವು ಅರಿಯುವುದಿಷ್ಟು: ದೊಡ್ಡವರು ನಿರಾಕರಿಸಿದ್ದಕ್ಕೂ ಮನೆಯ ಬಾಗಿಲು ತೆರೆದದ್ದು ಸಿಂಡಿಕೇಷನ್ನಿನ ಉಪಕಾರ. ಆದರೆ ತೆರೆದ ಬಾಗಿಲಿನಿಂದ ಮೊದಲು ನುಗ್ಗುವುದು ಉತ್ತಮವಾದುದೇ ಎಂಬ ಭರವಸೆಯಿಲ್ಲ. ಯಾವುದನ್ನು ಒಳಗೆ ಕರೆಯಬೇಕೆಂಬ ವಿವೇಕ ಮನೆಯವರಲ್ಲಿಯೇ ಇರಬೇಕು. ಅದನ್ನು ಮಾರುವವರಾರೂ ಇಲ್ಲ.