ಹಡಗಿನ ಸಾಹುಕಾರ ಹಾಕಿದ ಬುನಾದಿ

ಬೆಂಗಳೂರಿನ ಇಂದಿರಾನಗರ, ಮುರುಗೇಶಪಾಳ್ಯದ ಕಡೆಯವರು ಹೆಲಿಕಾಪ್ಟರ್ ಸದ್ದಿಗೆ ಕತ್ತೆತ್ತಿ ನೋಡುವುದನ್ನು ಬಿಟ್ಟು ಎಷ್ಟೋ ಕಾಲವಾಯಿತು. ಎಚ್‌ಎಎಲ್ ಪಕ್ಕದಲ್ಲೇ ಇದೆಯಲ್ಲ! ಅಲ್ಲಿ ತಯಾರಾಗಿ ಹಾಗೆ ಹಾರುವ ‘ಧ್ರುವ’ ಹೆಲಿಕಾಪ್ಟರ್‌ಗಳಲ್ಲಿ ಕೆಲವು ಕಡಲಲ್ಲಿ ಸಿಕ್ಕಿಕೊಂಡವರನ್ನು ಎತ್ತಿ ತರಲೆಂದೂ ಇವೆ. ಘಟ್ಟ ಇಳಿಯದೆ ಸಮುದ್ರ ಕಾಣದ ಊರಿಗೆ ಈ ಕಸುಬು ಬಂದದ್ದೂ ಒಂದು ಕಥೆ.

ಅದರ ಬೇರು ಹಿಡಿದು ಹೋದರೆ ಸಿಗುವವರು ಹಡಗಿನ ಸಾಹುಕಾರರೇ. ವಾಲ್‌ಚಂದ್ ಹೀರಾಚಂದ್ ಮತ್ತು ಜೊತೆಗಾರರು ಸಿಂಧಿಯಾ ಕಂಪನಿ ಕಟ್ಟಿ, 1919ರ ಏಪ್ರಿಲ್ 5ರಂದು ‘ಲಾಯಲ್ಟಿ’ ಹಡಗನ್ನು ಮುಂಬೈಯಿಂದ ಲಂಡನ್ನಿಗೆ ಹೊರಡಿಸಿದರು. ಅದೇ ಈಗಿನ ರಾಷ್ಟ್ರೀಯ ಕಡಲಯಾನ ದಿನ. ಆ ಹಡಗಿನ ಹಳೆಯ ಹೆಸರು ‘ಎಂಪ್ರೆಸ್ ಆಫ್ ಇಂಡಿಯಾ’.  ಮುಂದೆ ವಿಮಾನ ಕಾರ್ಖಾನೆಯ ಹುಚ್ಚು ಹತ್ತಿಸಿಕೊಂಡ ವಾಲ್‌ಚಂದ್‌ಗೆ ಮೈಸೂರಿನ ದಿವಾನ್ ಮಿರ್ಜಾ ಇಸ್ಮಾಯಿಲ್ ಒತ್ತಾಸೆಯಾದರು. ಮೈಸೂರು ಸರ್ಕಾರ ಜಮೀನು ಕೊಟ್ಟು 25 ಲಕ್ಷ ರೂಪಾಯಿ ಬಂಡವಾಳವನ್ನೂ ಹಾಕಿತು. 1940ರ ಡಿಸೆಂಬರ್ 23ರಂದು ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿ ಹುಟ್ಟಿತು. ಅದೇ ಇಂದಿನ ಎಚ್‌ಎಎಲ್.

ಧ್ರುವ ಮೊದಲು ಹಾರಿದ್ದು 1992ರಲ್ಲಿ. ಕರಾವಳಿ ಕಾವಲು ಪಡೆಗೆ ಮಾರ್ಕ್-3 ಸೇರಿದ್ದು 2021ರಲ್ಲಿ. ರೇಡಾರ್, ಸರ್ಚ್‌ಲೈಟು, ರೋಗಿಗೆ ತುರ್ತು ಚಿಕಿತ್ಸೆಯ ಸಲಕರಣೆ ಎಲ್ಲ ಅದರಲ್ಲಿವೆ.

ಪ್ರವಾಸಿಗರ ಕ್ರೂಸ್ ಹಡಗಿಗೂ ಇಂಥ ಹೆಲಿಕಾಪ್ಟರ್ ಯಾಕೆ ಎನ್ನುವವರು 2019ರ ಮಾರ್ಚ್‌ನಲ್ಲಿ ನಾರ್ವೆಯಲ್ಲಿ ಆದದ್ದನ್ನು ನೆನೆಯಬೇಕು. ಬಿರುಗಾಳಿಗೆ ಸಿಕ್ಕ ‘ವೈಕಿಂಗ್ ಸ್ಕೈ’ ಕ್ರೂಸ್ ಹಡಗಿನ ಎಂಜಿನ್‌ಗಳು ನಿಂತವು. ಅವುಗಳಲ್ಲಿ ಲ್ಯೂಬ್ರಿಕೇಟಿಂಗ್ ಆಯಿಲ್ ಮಟ್ಟ ಕಡಿಮೆಯಿತ್ತು, ಹಡಗು ಹೊಯ್ದಾಡಿದಾಗ ಪಂಪಿಗೆ ಎಣ್ಣೆ ಸಿಗಲಿಲ್ಲ. ಆ ಅಲೆಗಳಲ್ಲಿ ಲೈಫ್‌ಬೋಟ್ ಇಳಿಸುವಂತಿರಲಿಲ್ಲ. ಹೆಲಿಕಾಪ್ಟರ್‌ಗಳು ಹಡಗಿನ ಮೇಲೆ ಗಾಳಿಯಲ್ಲೇ ನಿಂತು, ಉಕ್ಕಿನ ಹಗ್ಗ ಇಳಿಬಿಟ್ಟು, 479 ಜನರನ್ನು ಎತ್ತಿಕೊಂಡವು.

ನಮ್ಮ ಧ್ರುವದ ಲೆಕ್ಕದಲ್ಲಿ ನೋವೂ ಇದೆ. 2024ರ ಸೆಪ್ಟೆಂಬರ್ 2ರ ರಾತ್ರಿ ಪೋರ್‌ಬಂದರಿನಾಚೆ ‘ಹರಿ ಲೀಲಾ’ ಟ್ಯಾಂಕರಿನಲ್ಲಿ ಗಾಯಗೊಂಡವನನ್ನು ಕರೆತರಲು ಹೋದ ಹೆಲಿಕಾಪ್ಟರೇ ಸಮುದ್ರಕ್ಕೆ ಬಿತ್ತು. ಅದರಲ್ಲಿದ್ದ ನಾಲ್ವರಲ್ಲಿ ಬದುಕಿದವನು ಒಬ್ಬನೇ. 2025ರ ಜನವರಿ 5ರಂದು ಅದೇ ಊರಿನಲ್ಲಿ ಇನ್ನೊಂದು ಬಿದ್ದು ಮೂವರು ತೀರಿಕೊಂಡರು. ಆಗ ಎಲ್ಲ ಧ್ರುವಗಳ ಹಾರಾಟ ನಿಂತಿತು. ಪೈಲಟ್ ಕೈ ಆಡಿಸಿದ್ದನ್ನು ರೆಕ್ಕೆಗಳಿಗೆ ಮುಟ್ಟಿಸುವ ಸ್ವಾಶ್‌ಪ್ಲೇಟ್ ಮುರಿದದ್ದು ತನಿಖೆಯಲ್ಲಿ ಕಂಡಿತು. ಅದು ಕೈಕೊಟ್ಟರೆ ಎಂಥ ಪೈಲಟ್‌ಗೂ ಮಾಡಲು ಏನೂ ಉಳಿಯುವುದಿಲ್ಲ.

ನವ ಮಂಗಳೂರು ಬಂದರಿಗೆ ಕ್ರೂಸ್ ಹಡಗು ಬಂದರೆ ಚೆಂಡೆ, ಯಕ್ಷಗಾನದ ಸ್ವಾಗತ ಸಿಗುತ್ತದೆ, ಸಿಗಲಿ. ಆದರೆ ಕಡಲ ಪ್ರವಾಸದ ಯೋಜನೆ ಹಾಕುವವರು ಬೆಂಗಳೂರಿನ ಹಳೇ ಏರ್‌ಪೋರ್ಟ್ ರಸ್ತೆಯ ಈ ಕಾರ್ಖಾನೆಯ ಕಡೆಗೂ ಒಮ್ಮೆ ನೋಡಬೇಕು. ಸ್ವಾಶ್‌ಪ್ಲೇಟಿನ ಭರವಸೆ ಮೊದಲು ಬರಲಿ, ಹೊಸ ಧ್ರುವಗಳ ಆರ್ಡರಿನ ಸಂಭ್ರಮ ಆಮೇಲಾಗಲಿ.