ಟ್ಯಾಂಕ್: ಪದ ಒಂದು, ಅರ್ಥ ಹಲವು

ಟ್ಯಾಂಕ್ ಎಂದೊಡನೆ ತುಮಕೂರಿನ ವಿದ್ಯಾರ್ಥಿಗೆ ನೆನಪಾಗುವುದು ಮನೆಯ ತಾರಸಿಯ ಮೇಲಿನ ನೀರಿನ ತೊಟ್ಟಿ. ಇಂಗ್ಲಿಷ್ ಮಾಧ್ಯಮದ ಭೂಗೋಳ ಪಾಠದಲ್ಲಿ ‘ಟ್ಯಾಂಕ್ ಇರಿಗೇಷನ್’ ಎಂದು ಓದಿದಾಗ, ತೊಟ್ಟಿಯ ನೀರಿನಿಂದ ಗದ್ದೆ ಬೆಳೆಯುವುದು ಹೇಗೆ ಎಂಬ ಸಂದೇಹ ಅವನಿಗೆ ಬಂದರೆ ಅದು ಸಹಜವೇ. ಅಲ್ಲಿ ಟ್ಯಾಂಕ್ ಎಂದರೆ ಕೆರೆ. ತುಮಕೂರಿನ ಅಮಾನಿಕೆರೆ, ಗುಬ್ಬಿ ತಾಲ್ಲೂಕಿನ ಕಡಬದ ಕೆರೆ, ಕುಣಿಗಲ್ಲಿನ ದೊಡ್ಡಕೆರೆ ಇವೆಲ್ಲ ಇಂಗ್ಲಿಷಿನಲ್ಲಿ ಟ್ಯಾಂಕುಗಳೇ.

ಈ ಪದ ಇಂಗ್ಲಿಷಿಗೆ ಬಂದದ್ದು 17ನೆಯ ಶತಮಾನದಲ್ಲಿ, ಭಾರತದೊಡನೆ ಬೆಳೆದ ವ್ಯಾಪಾರ ಸಂಬಂಧದಿಂದ. ಅದರ ಮೂಲದ ಬಗ್ಗೆ ಎರಡು ವಾದಗಳಿವೆ. ಗುಜರಾತಿ, ಮರಾಠಿಗಳಲ್ಲಿ ನೀರಿನ ತೊಟ್ಟಿಗೆ ಇರುವ ‘ಟಾಂಕು’, ‘ಟಾಂಕೆ’ ಪದಗಳಿಂದ ಬಂದಿದೆ ಎಂಬುದು ಒಂದು. ಪೋರ್ಚುಗೀಸರ ‘ಟಾಂಕ್ವೆ’ ಅಂದರೆ ಕೊಳ ಎಂಬ ಪದದಿಂದ ಬಂದಿದೆ ಎಂಬುದು ಇನ್ನೊಂದು. ಯೂಲ್ ಮತ್ತು ಬರ್ನೆಲ್ 1886ರಲ್ಲಿ ಪ್ರಕಟಿಸಿದ ‘ಹಾಬ್ಸನ್-ಜಾಬ್ಸನ್’ ಕೋಶದಲ್ಲಿ ಎರಡರ ಚರ್ಚೆಯೂ ಇದೆ.

ಯುದ್ಧದ ಟ್ಯಾಂಕಿಗೂ ನೀರಿಗೂ ಏನು ನಂಟು? 1915ರಲ್ಲಿ ಇಂಗ್ಲೆಂಡಿನ ಲಿಂಕನ್ ನಗರದಲ್ಲಿ ಈ ವಾಹನವನ್ನು ಗುಟ್ಟಾಗಿ ತಯಾರಿಸುತ್ತಿದ್ದರು. ಗುಟ್ಟು ಬಯಲಾಗದಿರಲೆಂದು ಅದನ್ನು ನೀರು ಸಾಗಿಸುವ ಟ್ಯಾಂಕ್ ಎಂದು ಕರೆದರು. 1916ರ ಸೆಪ್ಟೆಂಬರ್ 15ರಂದು ಫ್ರಾನ್ಸಿನ ಸೋಮ್ ರಣರಂಗದಲ್ಲಿ ಅದು ಮೊದಲ ಬಾರಿಗೆ ಕಾಣಿಸಿಕೊಂಡಿತು. ಗುಟ್ಟು ಹೋಯಿತು, ಹೆಸರು ಉಳಿಯಿತು.

ಈಗ ನಮ್ಮ ಕೆರೆಗೆ ಮರಳೋಣ. ತೊಟ್ಟಿಗೆ ತಳ, ಗೋಡೆ, ನಲ್ಲಿ ಇದ್ದರೆ ಸಾಕು. ಕೆರೆಗೆ ಏರಿಯ ಜೊತೆಗೆ ಮಳೆನೀರು ಹರಿದು ಬರುವ ಜಲಾನಯನ ಪ್ರದೇಶ, ನೀರು ಬಿಡಲು ತೂಬು, ಹೆಚ್ಚಾದ ನೀರು ಹೊರಹೋಗಲು ಕೋಡಿ, ಕೆಳಗೆ ಅಚ್ಚುಕಟ್ಟು ಬೇಕು. ನೀರಿನೊಡನೆ ಹೂಳೂ ಬರುತ್ತದೆ. ತಳದಿಂದ ಇಂಗಿದ ನೀರು ಸುತ್ತಲಿನ ಬಾವಿಗಳಿಗೆ ಆಸರೆಯಾಗುತ್ತದೆ. ಶಿಂಷಾ ನದಿ ಕಡಬದ ಕೆರೆಯನ್ನು ತುಂಬಿ, ಮುಂದೆ ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿ ಜಲಾಶಯ ಸೇರುತ್ತದೆ. ಮೇಲಿನ ಕೆರೆಯ ಕೋಡಿ ನೀರು ಕೆಳಗಿನ ಊರಿನ ಪಾಲು.

ಕೆರೆಯನ್ನು ತೊಟ್ಟಿಯೆಂದೇ ಭಾವಿಸಿದರೆ ಏರಿಯನ್ನಷ್ಟೇ ದುರಸ್ತಿ ಮಾಡಿ, ನೀರು ಬರುವ ಕಾಲುವೆ ಮುಚ್ಚಿಹೋದದ್ದನ್ನು ಗಮನಿಸದೆ ಬಿಡುತ್ತೇವೆ. ಆಗ ಮಳೆ ಬಂದರೂ ಕೆರೆ ತುಂಬದು. ಆದ್ದರಿಂದ ಪಾಠ ಹೇಳುವಾಗ ಉಪಾಧ್ಯಾಯರು ಟ್ಯಾಂಕ್ ಪದವನ್ನು ಸಂದರ್ಭ ನೋಡಿ ತೊಟ್ಟಿ, ಕುಂಟೆ, ಕಲ್ಯಾಣಿ, ಕೆರೆ ಎಂದು ಬಿಡಿಸಿ ಹೇಳುವುದು ಒಳ್ಳೆಯದು. ಸಾಧ್ಯವಾದರೆ ಮಕ್ಕಳನ್ನು ಊರಿನ ಕೆರೆ ಏರಿಗೆ ಕರೆದೊಯ್ದು, ನೀರು ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ ಎಂದು ಗುರುತಿಸಲು ಹೇಳಿ.